ಎಂಟನೇ ಸಲ ಸುಟ್ಟ ಹಲ್ಲು

ಮಾರ್ಚ್ 3

ನಮ್ಮ ಡಾಕ್ಟರಮ್ಮ ಇರುವೆಗೆ,

ಅಣ್ಣನ ಆಶೀರ್ವಾದ. ನಿನ್ನ ಪೆಟ್ಟಿಗೆ ಬಂದು ಒಂದು ವಾರವಾಯಿತು. ಇವತ್ತು ಹಲ್ಲು ಹತ್ತಿಯಲ್ಲಿ ಮಲಗಿಕೊಂಡು ನಿನ್ನ ಕಡೆ ಹೊರಟಿದೆ. ಮೇಲಿನ ಸಾಲು, ನಟ್ಟನಡುವಿನ ಹಲ್ಲು, ಪಿಂಗಾಣಿಯ ಒಂಟಿ ಕ್ಯಾಪ್. ರೋಗಿ ಹೆಂಗಸು, ವಯಸ್ಸು ಸುಮಾರು ನಲವತ್ತು. ಹತ್ತು ಹಲ್ಲಿನ ಸಾಲನ್ನು ನಾನು ರೇಡಿಯೊ ಕೇಳುತ್ತಾ ಮಾಡಿಬಿಡುತ್ತೇನೆ. ಎಲ್ಲವೂ ಒಂದೇ ಬಣ್ಣ, ಯಾರ ಪಕ್ಕದಲ್ಲಿ ಯಾರು ನಿಂತರೂ ತಕರಾರಿಲ್ಲ. ಒಂಟಿ ಮುಂಹಲ್ಲು ಹಾಗಲ್ಲ. ಅದು ಹುಟ್ಟಿನಿಂದ ಬಂದ ಹಲ್ಲಿನ ಪಕ್ಕದಲ್ಲಿ, ಹುಟ್ಟಿನಿಂದ ಬಂದದ್ದರ ಹಾಗೆಯೇ ನಿಲ್ಲಬೇಕು. ಇಷ್ಟು ಊರಿನ ಲ್ಯಾಬುಗಳನ್ನು ಬಿಟ್ಟು ಇಷ್ಟು ದೂರದ ನನಗೆ ಕಳಿಸಿದ್ದೀಯಲ್ಲ, ಅದಕ್ಕೆ ಉಬ್ಬಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ಬಣ್ಣದ ಮಾತನ್ನು ಫೋನಿನಲ್ಲಿ ಎತ್ತಿದಾಗಲೆಲ್ಲ ನಾವು ಜಗಳ ಆಡಿದ್ದೇವೆ. ನಿನ್ನ "ಸ್ವಲ್ಪ ಹಳದಿ" ನನ್ನ "ಸ್ವಲ್ಪ ಹಳದಿ" ಅಲ್ಲ. ಹೇಗೂ ಪೆಟ್ಟಿಗೆ ಓಡಾಡುತ್ತದೆ, ಅದರೊಳಗೆ ಒಂದು ಕಾಗದವೂ ಓಡಾಡಲಿ.

ಒಳಗಿನ ಒಡಲಿಗೆ ಒಂದು ಸಲ, ಮೇಲಿನ ಪದರಕ್ಕೆ ಒಂದು ಸಲ, ಹೊಳಪಿಗೆ ಒಂದು ಸಲ, ಒಟ್ಟು ಮೂರು ಸಲ ಸುಟ್ಟಿದ್ದೇನೆ. ಲ್ಯಾಬಿನ ನಿಯಮದಂತೆ ಒಂದು ಹಲ್ಲು ಐದು ಸಲ ಫರ್ನೇಸಿಗೆ ಹೋಗಬಹುದು. ಆರನೆಯ ಸಲ ಹೋಗುವ ಬದಲು ಕಸದ ಡಬ್ಬಿಗೆ ಹೋಗಬೇಕು.

ಒಂದು ಮಾತು. ಹಲ್ಲಿನ ವಿವರ ಬರೆದು ಕಳಿಸಿದ ಚೀಟಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದ್ದೀಯ: ಕೆತ್ತಿದ ಮೇಲೆ ಉಳಿದ ಒಳಹಲ್ಲಿನ ಬಣ್ಣ. ಬೇರೆ ಡಾಕ್ಟರಾಗಿದ್ದರೆ ಕೂಡಲೇ ಕೇಳುತ್ತಿದ್ದೆ. ನೀನಾದ್ದರಿಂದ, ಬರೆದಿಲ್ಲ ಎಂದರೆ ಬರೆಯುವಂಥದ್ದು ಏನೂ ಇಲ್ಲ ಎಂದುಕೊಂಡೆ. ಇನ್ನೊಂದು ಮಾತು: ನೀನು ಕಳಿಸಿದ ಬಾಯಿಯ ಅಚ್ಚಿನಲ್ಲಿ ನೋಡಿದೆ, ಪಕ್ಕದ ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚು ಇದೆ. ಹೇರ್‌ಪಿನ್ನನ್ನು ಹಲ್ಲಿನಿಂದ ಬಿಡಿಸುವ ಚಾಳಿ. ಹೊಸ ಹಲ್ಲನ್ನೂ ಅದೇ ಕೆಲಸಕ್ಕೆ ಹಚ್ಚಬೇಡಿ ಎಂದು ಆ ಹೆಂಗಸಿಗೆ ಗದರಿಸಿ ಹೇಳು.

ಇಲ್ಲಿ ಒಬ್ಬ ಅಳಿಯ ಬಂದಿದ್ದಾನೆ. ಹಲ್ಲು ಕೊರೆಯುವ ಯಂತ್ರ. ಎಸಿ ಕೋಣೆ, ಮೇಲೊಂದು ಹೊದಿಕೆ, ಮಾಲೀಕರು ಬೆಳಿಗ್ಗೆ ಬಂದವರೇ ಮೊದಲು ಅವನ ಯೋಗಕ್ಷೇಮ ವಿಚಾರಿಸುತ್ತಾರೆ, ಅದಕ್ಕೇ ಆ ಹೆಸರು. ಅವನಿಗೂ ನನಗೂ ಮೇ ಕೊನೆಯವರೆಗೆ ಪಂದ್ಯ. ತಿದ್ದುಪಡಿಗೆ ಬಂದ ಹಲ್ಲು ಲೆಕ್ಕಕ್ಕಿಲ್ಲ. ಮೊದಲಿನಿಂದ ಮತ್ತೆ ಮಾಡಬೇಕಾದ ಹಲ್ಲು ಮಾತ್ರ ರಿಜಿಸ್ಟರಿಗೆ ಹೋಗುತ್ತದೆ. ಅವನದು ಹೆಚ್ಚಾದರೆ ಅವನು ಕಂಪನಿಗೆ ವಾಪಸ್. ನನ್ನದು ಹೆಚ್ಚಾದರೆ ಇಪ್ಪತ್ತೆರಡು ವರ್ಷದ ಕುಂಚ ಕೆಳಗಿಟ್ಟು ನಾನು ಪ್ಯಾಕಿಂಗ್ ಮೇಜಿಗೆ. ಸದ್ಯ ಅವನು ನಾಲ್ಕು, ನಾನು ಮೂರು. ಹೆದರಬೇಡ, ನಾನು ಹೆದರಿಲ್ಲ.

ಹಲ್ಲು ಕೂತರೆ ಪೆಟ್ಟಿಗೆಯನ್ನು ಖಾಲಿ ಕಳಿಸು. ಖಾಲಿ ಪೆಟ್ಟಿಗೆಗಿಂತ ಒಳ್ಳೆಯ ಉತ್ತರ ನಮ್ಮ ಕಸುಬಿನಲ್ಲಿ ಇಲ್ಲ.

ಕಳಿಸಿದ್ದೇನೆ ಹಲ್ಲು, ಹತ್ತಿಯಲ್ಲಿ ಸುತ್ತಿ;
ಕೂರದಿದ್ದರೆ ಬಯ್ಯಿ, ಒಂದೊಂದೇ ಮಾತು ಒತ್ತಿ.

ಅಣ್ಣ

*

ಮಾರ್ಚ್ 9

ಪ್ರೀತಿಯ ಅಣ್ಣಾ,

ಪೆಟ್ಟಿಗೆ ಖಾಲಿ ಇಲ್ಲ. ಮೊದಲೇ ಹೇಳಿಬಿಟ್ಟೆ, ಈಗ ಕುರ್ಚಿಯಲ್ಲಿ ಕೂತು ಓದು.

ಆಕಾರದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ನನ್ನ ಜೊತೆ ಕೆಲಸ ಮಾಡುವ ಕಿರಿಯ ಡಾಕ್ಟರು ಕ್ಯಾಪ್ ಇಟ್ಟು ನೋಡಿ, ನಿಮ್ಮ ಅಣ್ಣ ಇದನ್ನು ಮಾಡಿದ್ದಾ, ಬೆಳೆಸಿದ್ದಾ ಎಂದು ಕೇಳಿದಳು. ಆದರೆ ಬಣ್ಣ ಬಿಳಿ. ಹಳೆಯ ಬೀದಿಯಲ್ಲಿ ಒಬ್ಬರು ಮಾತ್ರ ಮನೆಗೆ ಸುಣ್ಣ ಹೊಡೆಸಿದ ಹಾಗೆ ಕಾಣುತ್ತದೆ. ಬುಡದಲ್ಲಿ, ಒಸಡಿನ ಹತ್ತಿರ, ಒಂದು ಚೂರು ಮಂಕು ಕೂಡ ಇದೆ. ಅದು ನನ್ನ ಕ್ಲಿನಿಕ್ಕಿನ ದೀಪದ ದೋಷವಿರಬಹುದು. ಬಣ್ಣದ ಕಡ್ಡಿಗಳನ್ನು ಪಕ್ಕದ ಹಲ್ಲಿಗೆ ಹೋಲಿಸಿ ಶೇಡ್ ನಾನೇ ತೆಗೆದದ್ದು, ಅದರಲ್ಲಿ ತಪ್ಪಿರಲಾರದು. ಸ್ವಲ್ಪ ಹಳದಿ ಕೊಟ್ಟು ನೋಡು.

ಈ ರೋಗಿಯನ್ನು ಗದರಿಸು ಎಂದೆಯಲ್ಲ. ಹಟಮಾರಿ ಏನಲ್ಲ, ಆದರೆ ಈ ಹಲ್ಲಿನ ವಿಷಯದಲ್ಲಿ ಮಾತ್ರ ತುಂಬಾ ಸೂಕ್ಷ್ಮ. ಎಷ್ಟೋ ವರ್ಷದಿಂದ ತುಟಿ ಮುಚ್ಚಿಕೊಂಡೇ ನಗುವವಳು. ಜನ ಗಂಭೀರ ಸ್ವಭಾವ ಎಂದುಕೊಂಡಿದ್ದಾರೆ. ತೇಪೆ ಹಾಕಿದ್ದ ಹಲ್ಲು, ಪೆನ್ನಿನ ಮುಚ್ಚಳ ಕಚ್ಚಿ ಮುರಿದುಕೊಂಡಳು. ಹೇರ್‌ಪಿನ್ ಬಗ್ಗೆ ಗದರಿಸಿದ್ದೇನೆ, ತಲೆ ತಗ್ಗಿಸಿದಳು.

ಅಳಿಯನ ಸಂಗತಿ ಓದಿ ನಕ್ಕೆ, ಆಮೇಲೆ ನಗು ನಿಂತಿತು. ಪ್ಯಾಕಿಂಗ್ ಮೇಜಿನಲ್ಲಿ ನಿನ್ನನ್ನು ಊಹಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ. ಈ ಹಲ್ಲು ಕೂತ ದಿನ ನಿಮ್ಮ ಮಾಲೀಕರಿಗೆ ನಾನೇ ಒಂದು ಪತ್ರ ಬರೆಯುತ್ತೇನೆ. ಇಂಥ ಹಲ್ಲನ್ನು ಯಂತ್ರದ ಕೈಯಲ್ಲಿ ಮಾಡಿಸಿ ತೋರಿಸಿ ಎನ್ನುತ್ತೇನೆ. ಅದಕ್ಕೇ ಇಷ್ಟು ಕಷ್ಟದ ಕೇಸನ್ನು ನಿನಗೆ ಕಳಿಸಿದ್ದು ಎಂದಿಟ್ಟುಕೋ.

ಇರುವೆ

*

ಮಾರ್ಚ್ 14

ಇರುವೆಗೆ,

ಸುಣ್ಣದ ಮನೆಗೆ ಕಾವಿ ಬಳಿದಿದ್ದೇನೆ. ಹಳದಿ, ಅದರೊಳಗೆ ಸೂಜಿಮೊನೆಯಷ್ಟು ಕಂದು, ಬುಡದಲ್ಲಿ ಗಾಢ, ಅಂಚಿಗೆ ಹೋಗುತ್ತಾ ತೆಳು. ಫರ್ನೇಸಿನಿಂದ ತೆಗೆದಾಗ ಅದು ನನ್ನನ್ನು ನೋಡಿ ನಕ್ಕ ಹಾಗಿತ್ತು. ಈಗ ನಾಲ್ಕನೇ ಸಲ ಸುಟ್ಟಿದ್ದು.

ನಿನ್ನ ದೀಪದ ಮೇಲೆ ಅನುಮಾನ ಬೇಡ, ಆ ಹೆಂಗಸಿನ ಮೇಲೆ ಇಟ್ಟುಕೋ. ತುಟಿ ಮುಚ್ಚಿ ನಗುವವರು ಕನ್ನಡಿಯ ಮುಂದೆ ಮಾತ್ರ ಬಾಯಿ ತೆರೆಯುತ್ತಾರೆ, ಆಗ ಕಾಣುವುದೆಲ್ಲ ದೋಷವೇ. ನಿನ್ನ ಹಾಗೆ ಹುಟ್ಟಾ ಗಂಭೀರೆಯಾಗಿದ್ದರೆ ಚಿಂತೆ ಇರಲಿಲ್ಲ. ನಿನಗೆ ಬಂಗಾರದ ಹಲ್ಲು ಇಟ್ಟರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊನ್ನೆ ಅಮ್ಮ ನಿನ್ನ ಹಳೆಯ ಫೋಟೊಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ಒಂದರಲ್ಲೂ ನಿನ್ನ ಹಲ್ಲು ಕಾಣುವುದಿಲ್ಲ. ಹಲ್ಲಿನ ಡಾಕ್ಟರಾಗಿ ಹಲ್ಲನ್ನೇ ಗುಟ್ಟಾಗಿ ಇಟ್ಟವಳು ನೀನೊಬ್ಬಳೇ ಎಂದು ನಾನು ಅಂದೆ. ಅಮ್ಮ ನಗಲಿಲ್ಲ.

ಅಳಿಯ ಈ ವಾರ ಒಂದು ಬಾಚಿಹಲ್ಲನ್ನು ತಲೆಕೆಳಗಾಗಿ ಕೊರೆದಿಟ್ಟ. ಮಾಲೀಕರು, ಹೊಸಬ, ಕಲಿಯುತ್ತಾನೆ ಎಂದರು. ನನಗೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ರಿಯಾಯಿತಿ ಸಿಕ್ಕಿಲ್ಲ. ಅವನು ಐದು, ನಾನು ಮೂರು.

ಹಳದಿ ಕೊಟ್ಟಿದ್ದೇನೆ, ಹಾಲಿಗೆ ಹೆಪ್ಪಿನಷ್ಟು;
ಇನ್ನೂ ಬಿಳಿ ಎಂದರೆ ಆ ಬಾಯಿಗೆ ಹಟ ಎಷ್ಟು?

ಅಣ್ಣ

*

ಮಾರ್ಚ್ 22

ಅಣ್ಣಾ,

ಬಿಳಿ ಎನ್ನುವುದಿಲ್ಲ. ಹಳದಿ ಸರಿಯಾಗಿ ಕೂತಿದೆ. ಈಗ ಮಂಕು. ಹಿಂದಿನ ಸಲ ಬುಡದಲ್ಲಿ ಮಾತ್ರ ಇದ್ದದ್ದು ಈಗ ಅರ್ಧ ಹಲ್ಲಿನವರೆಗೆ ಹತ್ತಿದೆ. ಒಳಗೆ ಯಾರೋ ಬೂದಿ ತುಂಬಿಟ್ಟ ಹಾಗೆ. ಅಂಗೈಯಲ್ಲಿ ಹಿಡಿದರೆ ಚೆಂದ, ಬಾಯಲ್ಲಿಟ್ಟರೆ ಮಂಕು.

ವಾಪಸ್ ಕಳಿಸುತ್ತಿದ್ದೇನೆ. ಮಾರ್ಚ್ ಕೊನೆಯ ಗಡಿಬಿಡಿ, ಮೂರು ಶಾಲೆಗಳ ಮಕ್ಕಳ ಹಲ್ಲಿನ ತಪಾಸಣೆ ಒಟ್ಟಿಗೆ ಬಂದಿದೆ, ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಅಮ್ಮ ಆ ಫೋಟೊಗಳನ್ನು ಯಾಕೆ ತೆಗೆದಳು?

ಇರುವೆ

*

ಏಪ್ರಿಲ್ 2

ಇರುವೆಗೆ,

ಹಲ್ಲು ಕಳಿಸಿದ್ದೇನೆ. ಮೇಲಿನ ಪದರ ಉಜ್ಜಿ ತೆಗೆದು ಹೊಸದಾಗಿ ಕಟ್ಟಿದೆ. ಮಂಕು ಹೋಗಲಿ ಎಂದು ಬೆಳ್ಳಗಿನ ಪುಡಿ ಒಂದು ಗುಲಗಂಜಿ ಹೆಚ್ಚು ಹಾಕಿದೆ. ಇದಕ್ಕೆ ಐದು ಸಲ ಆಯಿತು. ನಿಯಮದ ಅಂಚಿಗೆ ಬಂದಿದ್ದೇವೆ.

ಒಂದು ಮಾತು ಕೇಳುತ್ತೇನೆ, ಮುಖ ಊದಿಸಿಕೊಳ್ಳಬೇಡ. ಶೇಡ್ ತೆಗೆದಾಗ ಎಷ್ಟು ಹೊತ್ತು ತೆಗೆದುಕೊಂಡೆ? ಬಾಯಿ ತೆರೆದು ಐದು ನಿಮಿಷ ಕೂತರೆ ಹಲ್ಲು ಒಣಗಿ ಬಿಳಿಯಾಗುತ್ತದೆ, ಕುರ್ಚಿಯಲ್ಲಿ ಕೂತ ಕೂಡಲೇ ಬಣ್ಣ ನೋಡಬೇಕು ಎಂದು ನನಗೇ ಪಾಠ ಹೇಳಿದವಳು ನೀನು. ನೀನು ಕೊಟ್ಟ ಶೇಡಿಗೆ ನಾನು ಮಾಡಿದ ಮೊದಲನೆಯ ಹಲ್ಲು ಎಳ್ಳಷ್ಟೂ ತಪ್ಪಿರಲಿಲ್ಲ. ಶೇಡ್ ಕಡ್ಡಿಯ ಪಕ್ಕ ಇಟ್ಟು ನಾಲ್ಕು ಜನಕ್ಕೆ ತೋರಿಸಿದ್ದೇನೆ. ಹಾಗಾದರೆ ತಪ್ಪು ಕಡ್ಡಿಯಲ್ಲೋ, ಕಣ್ಣಲ್ಲೋ? ಆ ಹೆಂಗಸಿನ ಬಾಯಿಯ ಒಂದು ಫೋಟೊ ಕಳಿಸು, ಕಡ್ಡಿ ಪಕ್ಕದಲ್ಲಿ ಹಿಡಿದು. ಫೋನಿಗೆ ಬೇಡ, ಒಂದೊಂದು ಫೋನಿನ ಪರದೆಗೆ ಒಂದೊಂದು ಬಣ್ಣ. ಕಾಗದದ ಮೇಲೆ ತೆಗೆಸಿ ಪೆಟ್ಟಿಗೆಯಲ್ಲಿಡು.

ಈ ವಾರ ನನ್ನ ಎರಡು ಹಲ್ಲು ರಿಜಿಸ್ಟರಿಗೆ ಹೋದವು. ನಾನು ಐದು, ಅವನು ಐದು. ಮಾಲೀಕರು ಈಗ ನನ್ನ ಮೇಜಿನ ಹತ್ತಿರ ಬಂದಾಗ ನಿಲ್ಲುವುದಿಲ್ಲ, ನಿಧಾನ ಮಾಡುತ್ತಾರೆ ಅಷ್ಟೇ.

ಅಣ್ಣ

*

ಏಪ್ರಿಲ್ 19

ಅಣ್ಣಾ,

ಎರಡು ವಾರ ಪೆಟ್ಟಿಗೆಯನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ದಿನಾ ಒಂದು ಸಲ ತೆಗೆದು ನೋಡಿ ಮುಚ್ಚುತ್ತಿದ್ದೆ. ನೋಡನೋಡುತ್ತಾ ಸರಿಹೋಗುತ್ತದೆ ಎಂಬ ಆಸೆ. ಹೋಗಲಿಲ್ಲ.

ಪಕ್ಕದ ಹಲ್ಲು ಹಾಲಾದರೆ ಇದು ಹಳೆಯ ಅಲ್ಯುಮಿನಿಯಂ ಪಾತ್ರೆ. ಅಂಚಿನ ಮೂಲೆಗಳು ಬಳಸಿದ ಸೋಪಿನ ಹಾಗೆ ದುಂಡಗಾಗಿವೆ. ನೀನು ಕೆತ್ತಿದ್ದ ಸಣ್ಣ ಸಣ್ಣ ಗೆರೆಗಳೆಲ್ಲ ಮೇಣದಂತೆ ಇಳಿದುಹೋಗಿವೆ. ನಾನು ಹಲ್ಲಿನ ಡಾಕ್ಟರು ಅಣ್ಣಾ. ಐದು ಸಲ ಸುಟ್ಟ ಪಿಂಗಾಣಿ ಹೀಗಿರುವುದಿಲ್ಲ. ಎಷ್ಟು ಸಲ ಸುಟ್ಟೆ, ನಿಜ ಹೇಳು.

ಶೇಡ್ ತಪ್ಪು ಎಂದು ಬರೆದದ್ದಕ್ಕೆ ಕೋಪ ಬಂತು, ಮುಚ್ಚಿಡುವುದಿಲ್ಲ. ಇದೋ ಫೋಟೊ, ಕಡ್ಡಿಯೂ ಇದೆ. ನೀನೇ ನೋಡಿಕೋ.

ಕೋಪಕ್ಕಿಂತ ಹೆಚ್ಚಾಗಿ ಹೆದರಿಕೆ ಆಗಿದ್ದು ಬೇರೆ ಕಾರಣಕ್ಕೆ. ನಿನ್ನ ಹಿಂದಿನ ಕಾಗದದಲ್ಲಿ ಪ್ರಾಸ ಇರಲಿಲ್ಲ. ನಿನ್ನ ಮದುವೆಯ ದಿನ ಕರೆಂಟು ಹೋದಾಗಲೂ ಎರಡು ಸಾಲು ಕಟ್ಟಿದವನು ನೀನು. ಇಷ್ಟು ಕಷ್ಟವಾಗುತ್ತಿದ್ದರೆ ಬಿಡು. ಈ ಕೇಸನ್ನು ಅಳಿಯನಿಗೇ ಕೊಟ್ಟುಬಿಡು, ನಿನ್ನ ಲೆಕ್ಕಕ್ಕೆ ಬರುವುದು ಬೇಡ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಇರುವೆ

*

ಏಪ್ರಿಲ್ 24

ಇರುವೆಗೆ,

ಎಂಟು.

ಏಪ್ರಿಲ್ ಎರಡರಂದು ಐದು ಎಂದು ಬರೆದಾಗಲೇ ಆರಾಗಿತ್ತು. ಪದರ ಕಟ್ಟಲು ಒಂದು, ಹೊಳಪಿಗೆ ಒಂದು. ಹೊಳಪಿನದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟೆ. ನಿಯಮದಂತೆ ಅವತ್ತೇ ಒಡೆದು ಹಾಕಿ ಹೊಸದು ಶುರು ಮಾಡಬೇಕಿತ್ತು; ಮಾಡಿದ್ದರೆ ರಿಜಿಸ್ಟರಿನಲ್ಲಿ ನನಗೆ ಆರು, ಅಳಿಯನಿಗೆ ಐದು. ಮೊನ್ನೆ ನಿನ್ನ ಕಾಗದ ಓದಿ, "ಅಳಿಯನಿಗೇ ಕೊಟ್ಟುಬಿಡು" ಎನ್ನುವ ಸಾಲು ಎರಡು ಸಲ ಓದಿ, ಸಿಟ್ಟಿನಲ್ಲಿ ಇನ್ನೂ ಎರಡು ಸಲ ಸುಟ್ಟೆ.

ಎಂಟನೆಯ ಸಲ ಫರ್ನೇಸಿನಿಂದ ತೆಗೆದು, ಆರಲಿ ಎಂದು ಕೈಗೆ ಸಿಕ್ಕಿದ ಕಡೆ ಇಟ್ಟೆ. ಅದು ಪಾಲಿಶ್ ಡಬ್ಬಿಯ ಕಪ್ಪು ಮುಚ್ಚಳ. ತಿರುಗಿ ನೋಡಿದರೆ ಹಲ್ಲು ಕಪ್ಪಗಿದೆ. ಎತ್ತಿ ಅಂಗೈಯಲ್ಲಿಟ್ಟರೆ ಹಲ್ಲಿನ ಬಣ್ಣ. ಮತ್ತೆ ಮುಚ್ಚಳದ ಮೇಲೆ, ಮತ್ತೆ ಕಪ್ಪು. ಕಿಟಕಿಯ ಗಾಜಾಗಿಬಿಟ್ಟಿತ್ತು. ಪ್ರತಿ ಸಲ ಸುಟ್ಟಾಗಲೂ ಪಿಂಗಾಣಿ ಇನ್ನಷ್ಟು ಗಾಜಾಗುತ್ತದೆ, ಅದರ ಸ್ವಂತ ಬಣ್ಣ ಇಷ್ಟಿಷ್ಟೇ ಹೋಗುತ್ತಿರುತ್ತದೆ ಎಂದು ಲ್ಯಾಬಿಗೆ ಹೊಸದಾಗಿ ಬಂದವರಿಗೆಲ್ಲ ಹೇಳಿಕೊಡುವವನು ನಾನು. ನಾನು ಮೇಲೆ ಮೇಲೆ ಬಳಿಯುತ್ತಿದ್ದೆ. ಅದು ಒಳಗಿನದನ್ನು ಹೆಚ್ಚು ಹೆಚ್ಚು ತೋರಿಸುತ್ತಿತ್ತು. ಅಂದರೆ ಆ ಬಾಯಲ್ಲಿ ಕೆಳಗಿರುವ ಒಳಹಲ್ಲು ಕಪ್ಪಗಿದೆ. ನೀನು ಖಾಲಿ ಬಿಟ್ಟ ಕಾಲಂನಲ್ಲಿ ಬರೆಯುವಂಥದ್ದು ಇತ್ತು.

ಯಾಕೆ ಬರೆಯಲಿಲ್ಲ ಎಂದು ನಿನ್ನ ಮೇಲೆ ಕೂಗಾಡಲು ಪೆನ್ನು ತೆಗೆದುಕೊಂಡೆ. ಆಮೇಲೆ ನಿನ್ನ ಫೋಟೊ ನೋಡಿದೆ.

ಶೇಡ್ ಕಡ್ಡಿಯ ಮೇಲಿನ ಅಕ್ಷರ ಉಲ್ಟಾ ಇದೆ. ಕನ್ನಡಿಯಲ್ಲಿ ತೆಗೆದ ಫೋಟೊ. ಎದುರಿಗೆ ಕೂತ ರೋಗಿಯ ಮುಂಹಲ್ಲನ್ನು ಯಾವ ಡಾಕ್ಟರೂ ಕನ್ನಡಿಯಲ್ಲಿ ತೆಗೆಯುವುದಿಲ್ಲ. ತನ್ನ ಬಾಯಿಯನ್ನು ತಾನೇ ತೆಗೆದುಕೊಳ್ಳುವವರು ಮಾತ್ರ ಹಾಗೆ ತೆಗೆಯಬೇಕು. ಆಗ ಪಕ್ಕದ ಹಲ್ಲಿನ ಕಚ್ಚನ್ನು ಇನ್ನೊಮ್ಮೆ ನೋಡಿದೆ. ಹೇರ್‌ಪಿನ್ ಹಲ್ಲಿನಲ್ಲಿ ಬಿಡಿಸಬೇಡ ಎಂದು ಅಮ್ಮ ದಿನಾ ಬೆಳಿಗ್ಗೆ, ಜಡೆ ಹಾಕುವಾಗ, ಯಾರ ತಲೆಗೆ ಮೊಟಕುತ್ತಿದ್ದಳು ಎಂದು ನನಗೆ ಗೊತ್ತಿದೆ.

ಒಂದೇ ಪ್ರಶ್ನೆ. ಡ್ರಮ್ಮಿನ ಮೇಲೆ ಹಸಿರು ಹಲಗೆ ಇಟ್ಟುಕೊಂಡು, ನೀನೊಂದು ತುದಿ ನಾನೊಂದು ತುದಿ ಆಡುತ್ತಿದ್ದೆವಲ್ಲ. ನೀನು ಮೇಲಿದ್ದಾಗ ನಾನು ಹೇಳದೆ ಕೇಳದೆ ಇಳಿದುಬಿಟ್ಟೆನಲ್ಲ. ತುಟಿ ಮಾತ್ರ ಒಡೆದಿದೆ ಎಂದು ನೀನು ಹೇಳಿದ್ದೆ.

ತುಟಿ ಮಾತ್ರವಾ?

ಅಣ್ಣ

*

ಮೇ 2

ಅಣ್ಣಾ,

ತುಟಿ ಮಾತ್ರ ಅಲ್ಲ.

ಹಲ್ಲು ಅವತ್ತು ಮುರಿಯಲಿಲ್ಲ, ಅಲುಗಾಡಿತು ಅಷ್ಟೇ. ನನಗೆ ಆಗ ಒಂಬತ್ತು ವರ್ಷ, ನಿನಗೆ ಹದಿಮೂರು. ಮೆಟ್ಟಿಲಿನಿಂದ ಬಿದ್ದಳು ಎಂದು ಇಬ್ಬರೂ ಸೇರಿ ಅಮ್ಮನಿಗೆ ಹೇಳಿದೆವು. ಹಲ್ಲು ಒಳಗೊಳಗೇ ಸತ್ತು ಹೋದದ್ದು ಗೊತ್ತಾಗಲು ಎರಡು ಮೂರು ವರ್ಷ ಬೇಕಾಯಿತು. ಬಣ್ಣ ಇಳಿಯಲು ಶುರುವಾದಾಗ ನೀನು ಹಾಸ್ಟೆಲಿಗೆ ಹೋಗಿದ್ದೆ. ರಜೆಗೆ ಬಂದಾಗ ನಾನು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಬೆಳೆದಿದ್ದಾಳೆ, ಗಂಭೀರವಾಗಿದ್ದಾಳೆ ಎಂದೆ ನೀನು. ಆ ಹೊಗಳಿಕೆ ನನಗೆ ಅನುಕೂಲವಾಗಿತ್ತು, ಇಟ್ಟುಕೊಂಡೆ. ಓದುವಾಗ ರೂಟ್ ಕೆನಾಲ್ ಮಾಡಿಸಿಕೊಂಡೆ, ಮೇಲೆ ಬಿಳಿ ತೇಪೆ. ಎರಡು ವರ್ಷಕ್ಕೊಮ್ಮೆ ಹೊಸ ತೇಪೆ. ಹೀಗೇ ನಡೆಯಿತು, ಪೆನ್ನಿನ ಮುಚ್ಚಳ ಕಚ್ಚುವವರೆಗೆ.

ಯಾಕೆ ಹೇಳಲಿಲ್ಲ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನ ಹಲ್ಲು ಎಂದು ಗೊತ್ತಾದರೆ ನೀನು ಹಲ್ಲು ಮಾಡುತ್ತಿರಲಿಲ್ಲ, ಪ್ರಾಯಶ್ಚಿತ್ತ ಮಾಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಹಲ್ಲು. ನಾನು ನೋಡಿದವರಲ್ಲೆಲ್ಲ ಚೆನ್ನಾಗಿ ಹಲ್ಲು ಮಾಡುವವನು ನೀನು, ಅದು ನಿನ್ನ ಕೈಯಿಂದಲೇ ಬರಬೇಕು ಎಂಬ ಹಟ ಇತ್ತು. ಒಳಹಲ್ಲು ಕಪ್ಪು ಎಂದು ಬರೆದರೆ ನೀನು ಪೆಟ್ಟು ಬಿದ್ದದ್ದಾ, ಯಾವಾಗ, ಹೇಗೆ ಎಂದು ಶುರುಮಾಡುತ್ತಿದ್ದೆ. ನಲವತ್ತು ರೋಗಿಗಳಿಗೆ ಆ ಕಾಲಂ ತುಂಬಿಸಿ ಕಳಿಸಿದವಳು ನನ್ನದನ್ನು ಮಾತ್ರ ಬಿಟ್ಟೆ. ತೆಳ್ಳಗಿನ ಕಪ್ಪು, ಪಿಂಗಾಣಿ ಮುಚ್ಚಿಕೊಳ್ಳುತ್ತದೆ ಎಂದುಕೊಂಡೆ.

ಶೇಡಿನ ವಿಷಯ. ಹೌದು, ಕನ್ನಡಿ. ಕಿರಿಯ ಡಾಕ್ಟರಿಗೆ ಹಲ್ಲು ಕೆತ್ತಲು ಬಿಟ್ಟೆ, ಅಚ್ಚು ತೆಗೆಯಲು ಬಿಟ್ಟೆ, ಶೇಡ್ ಮಾತ್ರ ನಾನೇ ತೆಗೆಯುತ್ತೇನೆ ಎಂದೆ. ಅವಳ ಕಣ್ಣನ್ನು ನಂಬಲಿಲ್ಲ. ಕೈಯಲ್ಲಿ ಕಡ್ಡಿಗಳ ಗೊಂಚಲು ಹಿಡಿದು, ತುಟಿ ಎತ್ತಿ, ಹದಿನೈದು ನಿಮಿಷ ನಿಂತಿದ್ದೆ. ಹಲ್ಲು ಒಣಗಿ ಬೆಳ್ಳಗಾಗಿತ್ತು. ರೋಗಿಯಾಗಿದ್ದರೆ ಎರಡನೇ ನಿಮಿಷಕ್ಕೆ ಬಾಯಿ ಮುಚ್ಚಿಸುತ್ತಿದ್ದೆ. ನನಗೆ ಮುಚ್ಚಿಸುವವರು ಯಾರೂ ಇರಲಿಲ್ಲ. ಮೂರು ಸಲ ನಿನ್ನ ಹಲ್ಲನ್ನು ಬಯ್ದೆ. ಮೊದಲನೆಯದು ನನ್ನ ಶೇಡಿಗೆ ತಕ್ಕಂತೆಯೇ ಇತ್ತು, ಅದು ನನಗೂ ಗೊತ್ತಾಗಿತ್ತು.

ಹೊಸ ಚೀಟಿ ಇಟ್ಟಿದ್ದೇನೆ. ಶೇಡ್ ತೆಗೆದದ್ದು ಕಿರಿಯ ಡಾಕ್ಟರು. ಬೆಳಿಗ್ಗೆ ಹತ್ತು ಗಂಟೆಗೆ, ಕಿಟಕಿಯ ಪಕ್ಕ, ನಾನು ಕೂತು ಅರ್ಧ ನಿಮಿಷವೂ ಆಗಿರಲಿಲ್ಲ. ನಾನು ತೆಗೆದದ್ದಕ್ಕಿಂತ ಎರಡು ಮೆಟ್ಟಿಲು ಗಾಢ. ನಾನು ತಕರಾರು ಎತ್ತಿದೆ. "ಮೇಡಂ, ನೀವೀಗ ಪೇಷೆಂಟು, ಬಾಯಿ ಮುಚ್ಚಿ" ಅಂದಳು. ಒಳಹಲ್ಲಿನ ಬಣ್ಣವನ್ನೂ ಅವಳೇ ಬರೆದಿದ್ದಾಳೆ. ಹೆಸರಿನ ಜಾಗದಲ್ಲಿ ನನ್ನ ಹೆಸರಿದೆ. ಎಲ್ಲ ಕಾಲಂ ಭರ್ತಿ.

ನಿನ್ನ ಆರು, ಅವನ ಐದು ಎಂದಿದ್ದೀಯಲ್ಲ. ಆ ಒಂದು ನನ್ನಿಂದ. ಮಾಲೀಕರಿಗೆ ನಾನೇ ಬರೆಯಲಾ? ಬೇಡ ಎಂದರೂ ಬರೆಯುತ್ತೇನೇನೋ.

ಇರುವೆ

*

ಮೇ 12

ನಮ್ಮ ಪೇಷೆಂಟಮ್ಮ ಇರುವೆಗೆ,

ಬರೆಯಬೇಡ. ಬರೆಯುವ ಅಗತ್ಯ ಬೀಳಲಿಲ್ಲ, ಯಾಕೆಂದು ಹೇಳುತ್ತೇನೆ.

ಮೊದಲು ಅಮ್ಮನ ಸುದ್ದಿ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಕೇಳುತ್ತಾ ಬಟ್ಟೆ ಮಡಚುತ್ತಿದ್ದಳು, ನಿಲ್ಲಿಸಲಿಲ್ಲ. ಕೊನೆಗೆ, "ಮೆಟ್ಟಿಲಿಂದ ಬಿದ್ದರೆ ತುಟಿಗೆ ಹಸಿರು ಪೇಂಟ್ ಹತ್ತುತ್ತೇನೋ?" ಅಂದಳು. ಮೂವತ್ತೆರಡು ವರ್ಷ ಗೊತ್ತಿತ್ತಂತೆ. ಯಾಕಮ್ಮ ಕೇಳಲಿಲ್ಲ ಎಂದೆ. ನೀವೇ ಹೇಳುತ್ತೀರಿ ಎಂದು ಕಾದೆ, ಆಮೇಲೆ ಕಾಯುವುದೇ ರೂಢಿಯಾಯಿತು ಎಂದಳು. ಹಳೆಯ ಫೋಟೊ ಹರಡಿಕೊಂಡದ್ದು ಯಾಕೆ ಎಂದು ಕೇಳಿದ್ದೆಯಲ್ಲ. ಪೆಟ್ಟಿಗೆಯಲ್ಲಿದ್ದ ಅಚ್ಚಿನ ಮಾದರಿಯನ್ನು ನಾನು ಒಂದು ದಿನ ಮನೆಗೆ ತಂದಿದ್ದೆ. ಅವಳಿಗೆ ಒಂದು ನೋಟ ಸಾಕಾಯಿತು. ನನಗೆ ಎಂಟು ಸಲ ಸುಡಬೇಕಾಯಿತು.

ಇನ್ನು ಕೆಲಸದ ಸುದ್ದಿ. ಎಂಟು ಸಲ ಸುಟ್ಟ ಹಲ್ಲನ್ನು ನಾನೇ ಸುತ್ತಿಗೆಯಿಂದ ಒಡೆದೆ. ರಿಜಿಸ್ಟರು ತೆಗೆದು ನನ್ನ ಹೆಸರಿನ ಮುಂದೆ ಆರು ಎಂದು ನನ್ನ ಕೈಯಲ್ಲೇ ಬರೆದೆ. ಸುಟ್ಟದ್ದು ಎಂಟು ಸಲ ಎಂದೂ ಬರೆದೆ. ಮಾಲೀಕರು ಸಂಜೆ ಅದನ್ನು ನೋಡಿ ನನ್ನ ಮೇಜಿನ ಹತ್ತಿರ ಬಂದು, ಈ ಸಲ ನಿಂತರು. ಇದೇನು, ನಿನ್ನನ್ನು ನೀನೇ ಸೋಲಿಸಿಕೊಂಡೆಯಲ್ಲ ಎಂದರು. ನಾನು ಕಾರಣ ಹೇಳಿದೆ. ಹಲಗೆಯ ಕಥೆ ಹೇಳಲಿಲ್ಲ, ಖಾಲಿ ಕಾಲಂನ ಕಥೆ ಹೇಳಿದೆ. ಖಾಲಿ ಜಾಗ ಕಂಡರೆ ಯಂತ್ರ ಕೇಳುವುದಿಲ್ಲ. ಕಂಡೂ ನಾನು ಕೇಳಲಿಲ್ಲ, ಆ ಮಟ್ಟಿಗೆ ನಾನೂ ಯಂತ್ರವೇ ಎಂದೆ.

ಅವರು ರಿಜಿಸ್ಟರನ್ನು ಎತ್ತಿಕೊಂಡು ಹೋದರು. ಮಾರನೆಯ ದಿನ ಹನ್ನೊಂದು ಚೀಟಿಗಳನ್ನು ತಾವೇ ಹುಡುಕಿ ತೆಗೆದಿದ್ದರು, ನನ್ನ ಆರು, ಅಳಿಯನ ಐದು. ಎಂಟರಲ್ಲಿ ಆ ಕಾಲಂ ಖಾಲಿ. ಉಳಿದ ಮೂರರಲ್ಲಿ ಎರಡು ನನ್ನ ಶುದ್ಧ ಬೇಜವಾಬ್ದಾರಿ, ಒಂದು ಆ ತಲೆಕೆಳಗಾದ ಬಾಚಿಹಲ್ಲು. ಪಂದ್ಯ ರದ್ದಾಯಿತು. ಇನ್ನು ಮುಂದೆ ಒಳಗಿನ ಒಡಲನ್ನು ಅಳಿಯ ಕೊರೆಯುತ್ತಾನೆ, ಮೇಲಿನ ಪದರ, ಬಣ್ಣ ನನ್ನ ಕುಂಚದ್ದು. ಶಿಕ್ಷೆ ತಪ್ಪಲಿಲ್ಲ: ದಿನಾ ಬೆಳಿಗ್ಗೆ ಒಂದು ಗಂಟೆ, ಖಾಲಿ ಕಾಲಂ ಬಿಟ್ಟ ಡಾಕ್ಟರಿಗೆಲ್ಲ ನಾನೇ ಫೋನ್ ಮಾಡಿ ಕೇಳಬೇಕು. ಫೋನಿನಲ್ಲಿ ಬಣ್ಣದ ಮಾತು. ಮೊದಲ ದಿನವೇ ಇಬ್ಬರ ಜೊತೆ ಜಗಳವಾಗಿದೆ.

ಈಗ ನಿನ್ನ ಹಲ್ಲು. ಒಳಗೆ ಬೆಳಕು ದಾಟದಂಥ ಬಿಳಿಯ ತೆಳ್ಳನೆ ಪದರ ಕೊಟ್ಟಿದ್ದೇನೆ, ಕಪ್ಪು ಅಲ್ಲೇ ನಿಲ್ಲುತ್ತದೆ, ಮುಂದೆ ಬರುವುದಿಲ್ಲ. ಅದರ ಮೇಲೆ ಒಡಲು, ಅದರ ಮೇಲೆ ಅಂಚು. ಪಕ್ಕದ ಹಲ್ಲಿನಲ್ಲಿ ಇರುವ ಒಂದು ಬಿಳಿ ಚುಕ್ಕೆಯನ್ನೂ ಇಟ್ಟಿದ್ದೇನೆ. ಕಚ್ಚು ಮಾತ್ರ ಕೊಟ್ಟಿಲ್ಲ, ಅದನ್ನು ನೀನೇ ಹೇರ್‌ಪಿನ್ನಿನಿಂದ ಸಂಪಾದಿಸಿಕೋ. ನಾಲ್ಕು ಸಲ ಸುಟ್ಟೆ, ಹೊಳಪಿನದನ್ನೂ ಎಣಿಸಿ. ಕಪ್ಪು ಮುಚ್ಚಳದ ಮೇಲೆ ಇಟ್ಟು ನೋಡಿದೆ, ಹಲ್ಲಿನ ಬಣ್ಣವೇ ಇತ್ತು.

ಪ್ರಾಯಶ್ಚಿತ್ತ ಮಾಡಿಲ್ಲ, ಚಿಂತಿಸಬೇಡ. ಪ್ರಾಯಶ್ಚಿತ್ತವಾಗಿದ್ದರೆ ಇನ್ನೂ ಸ್ವಲ್ಪ ಬೆಳ್ಳಗೆ ಮಾಡುತ್ತಿದ್ದೆ. ಕಿರಿಯ ಡಾಕ್ಟರು ಬರೆದ ಶೇಡಿಗೆ ತಕ್ಕಂತೆ, ಅಷ್ಟೇ ಹಳದಿಯಾಗಿ, ನಲವತ್ತೊಂದು ವರ್ಷದ ಹಲ್ಲನ್ನು ಮಾಡಿದ್ದೇನೆ. ಅವತ್ತು ಯಾಕೆ ಇಳಿದೆ ಎಂದರೆ, ಬೀದಿಯಲ್ಲಿ ಒಬ್ಬ ಗಾಳಿಪಟ ಹಿಡಿದುಕೊಂಡು ಹೋಗುತ್ತಿದ್ದ. ಅಷ್ಟೇ ಕಾರಣ. ಇದಕ್ಕಿಂತ ಒಳ್ಳೆಯ ಕಾರಣ ಇದ್ದಿದ್ದರೆ ಬರೆಯುತ್ತಿದ್ದೆ.

ಎಣಿಸಿದ್ದೇನೆ ನಾಲ್ಕು, ಒಂದನ್ನೂ ಬಿಡದೆ;
ನಕ್ಕು ನೋಡು ಒಮ್ಮೆ, ತುಟಿಗೆ ಕೈ ಇಡದೆ.

ಅಣ್ಣ

*

ಮೇ 19

ಅಣ್ಣಾ,

ಚೀಟಿ ಮೊದಲು ಓದು, ಆಮೇಲೆ ಇದನ್ನು.

ಕಿರಿಯ ಡಾಕ್ಟರು ಹಲ್ಲು ಕೂರಿಸಿ, ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದಳು. ಯಾವುದು ಹೊಸದು ಎಂದು ನೆನಪಿಸಿಕೊಳ್ಳಲು ಚೀಟಿ ನೋಡಬೇಕಾಯಿತು ಎಂದಳು. ನನ್ನನ್ನು ಸಮಾಧಾನಪಡಿಸಲು ಹೇಳುವವಳಲ್ಲ ಅವಳು, ಅಂಥ ಗುಣವೇ ಅವಳಲ್ಲಿಲ್ಲ. ನಾನು ಕನ್ನಡಿ ಕೇಳಿದೆ. ಕೊಡಲಿಲ್ಲ, ಹಲ್ಲೆಲ್ಲ ಒಣಗಿದೆ, ಊಟ ಮಾಡಿ ಬಂದು ನೋಡಿ ಅಂದಳು. ನೋಡಿದೆ.

ಈ ವಾರ ಒಬ್ಬ ಮುದುಕರು, ಎಂಟು ವರ್ಷದಿಂದ ಬರುವವರು, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಏನೋ ಜೋಕು ಹೇಳಲು ಹೋಗಿ ಅರ್ಧಕ್ಕೆ ಕೆಮ್ಮಿದರು. ನಾನು ಜೋರಾಗಿ ನಕ್ಕೆ. ಅವರು ಎದ್ದು ಕೂತು, "ಡಾಕ್ಟರೇ, ನೀವು ನಗ್ತೀರಾ?" ಅಂದರು. ಗಾಬರಿಯಾಗಿದ್ದರು ಪಾಪ.

ಗಾಳಿಪಟದ ಬಣ್ಣ ಯಾವುದು ಎಂದು ಬರೆದಿಲ್ಲ. ಮುಂದಿನ ಕಾಗದದಲ್ಲಿ ಬರೆ. ಇಷ್ಟಕ್ಕೆಲ್ಲ ಕಾರಣವಾದದ್ದು, ಅದರ ಶೇಡಾದರೂ ನನಗೆ ಗೊತ್ತಿರಬೇಕು.

ಫೋಟೊ ಇಟ್ಟಿದ್ದೇನೆ. ಕತ್ತರಿಸಿಲ್ಲ, ಮುಖವೆಲ್ಲ ಇದೆ. ತೆಗೆದದ್ದು ಕಿರಿಯ ಡಾಕ್ಟರು, ಹಿಂದೆ ಗೋಡೆಯ ಮೇಲಿನ ಬೋರ್ಡಿನ ಅಕ್ಷರ ನೆಟ್ಟಗಿದೆಯೇ ನೋಡಿಕೋ. ಅಮ್ಮನಿಗೆ ಕೊಡು, ಆ ಹಳೆಯ ಫೋಟೊಗಳ ಮೇಲೆ ಇಟ್ಟುಕೊಳ್ಳಲಿ.

ಚೀಟಿಯಲ್ಲಿ "ವಾಪಸಾತಿಗೆ ಕಾರಣ" ಎನ್ನುವ ಕಾಲಂ ಇದೆಯಲ್ಲ, ಅದನ್ನು ಖಾಲಿ ಬಿಡಲು ಧೈರ್ಯವಾಗಲಿಲ್ಲ. ಬಿಟ್ಟರೆ ಬೆಳಿಗ್ಗೆ ನೀನೇ ಫೋನ್ ಮಾಡುತ್ತೀಯ. "ಪೆಟ್ಟಿಗೆ ಮಾತ್ರ" ಎಂದು ಬರೆದಿದ್ದೇನೆ. ಅಲ್ಲಾಡಿಸಿ ನೋಡು.

ಪೆಟ್ಟಿಗೆ ಖಾಲಿ, ಬಾಯಿ ಭರ್ತಿ;
ಪ್ರಾಸ ಬರಲ್ಲ ನಂಗೆ, ನೀನೇ ಮಾಡ್ಕೋ ಪೂರ್ತಿ.

ಇರುವೆ